ವೀಕ್ಷಕ ವಿವರಣೆ

ಹಾಲು ಉಕ್ಕಿ ಒಲೆಗಿಳಿದರೆ ಸಾಕು,
ಒಳಗೊಬ್ಬ ಮೈಕು ತಟ್ಟಿ ಗಂಟಲು ಸರಿಮಾಡಿಕೊಳ್ಳುತ್ತಾನೆ:
‘ನೋಡಿ ಮಹನೀಯರೇ, ಬೊಳ್ಳಮ್ಮ ಮತ್ತೆ ಬಿಟ್ಟಳು!’
ಏಳೂವರೆಯ ಬಸ್ಸು ತಪ್ಪಿದರೂ ಅವನೇ,
ನಾದಿನಿ ಫೋನು ಎತ್ತದಿದ್ದರೂ ಅವನೇ.
ನಡುರಾತ್ರಿ, ಯಾವ ಪಂದ್ಯವೂ ಇಲ್ಲದ ಹೊತ್ತಲ್ಲಿ
ಹಳೇ ಪಂದ್ಯಗಳ ಮರುಪ್ರಸಾರ.

ಅವನು ಯಾರೆಂದು ತಿಳಿಯಲು ಇಪ್ಪತ್ತಾರು ವರ್ಷ ಬೇಕಾಯಿತು.
ಅಲ್ಲಿಯವರೆಗೆ ಅದು ನನ್ನದೇ ದನಿ,
ಮುಖದ ಮೇಲೆ ನಿಜ ಹೇಳುವ ಒಬ್ಬನೇ ನೆಂಟ
ಅಂದುಕೊಂಡಿದ್ದೆ.

ತಿಳಿದದ್ದು ನಾಪೋಕ್ಲು ಮೈದಾನದಲ್ಲಿ,
ಹೂಮಳೆ ಬಿದ್ದ ಒಂಬತ್ತನೇ ದಿನ.
ಸುತ್ತಲ ತೋಟಗಳ ಕಾಫಿ ಹೂವಿನ ವಾಸನೆಗೆ
ಅರೆತಲೆನೋವು ಹಿಡಿದಿತ್ತು ನನಗೆ.
ಎಂಟನೇ ಕ್ಲಾಸಿನ ಜಸೀಲಾ, ನಮ್ಮ ಗೋಲ್‌ಕೀಪರ್,
ಅಣ್ಣಂದಿರ ಅಳತೆಯ ಪ್ಯಾಡು ಕಟ್ಟಿ
ಬಾತುಕೋಳಿಯಂತೆ ನಡೆದು ಬಂದು
ನೀರಿನ ಬಾಟಲಿಗೆ ಕೈಚಾಚುತ್ತ ಅಂದಳು,
ಅಳಲಿಲ್ಲ, ಹವಾಮಾನ ವರದಿ ಓದುವಂತೆ ಅಂದಳು:
‘ನಾನು ಯಾವಾಗಲೂ ಬಿಡ್ತೀನಿ ಟೀಚರ್.’

ಯಾವಾಗಲೂ.
ಕಚ್ಚಿ ಬಹಳ ಹೊತ್ತಾದ ಮೇಲೆ
ಜಿಗಣೆ ಕಣ್ಣಿಗೆ ಬೀಳುತ್ತದಲ್ಲ, ರಕ್ತ ಕುಡಿದು ದಪ್ಪಗಾಗಿ,
ಹಾಗೆ ಕಂಡಿತು ಆ ಪದ, ಆ ಹುಡುಗಿಯ ಬಾಯಲ್ಲಿ.
ಬಗ್ಗಿ ನೋಡಿಕೊಂಡೆ.
ನನ್ನ ಕಾಲಿಗೂ ಇತ್ತು.

ಮಡಿಕೇರಿ. ಜಿಲ್ಲಾ ಫೈನಲ್ಲು. ನನಗೆ ಹದಿನೈದು.
ಪೆನಾಲ್ಟಿ ಸ್ಟ್ರೋಕು ಎರಡೂ ಕಾಲ ನಡುವೆ ನುಸುಳಿ
ಹಲಗೆಗೆ ಬಡಿದ ಸದ್ದು, ಟಪ್,
ಅದಕ್ಕಿಂತ ಜೋರಾಗಿ ಮೈಕಿನಲ್ಲಿ ತಮ್ಮಯ್ಯ ಮಾವ:
‘ನಮ್ಮ ಬೊಳ್ಳಮ್ಮ ಕಡಂಬುಟ್ಟು ಬೆಂದಿತಾ ಅಂತ ನೋಡ್ತಿದ್ದಾಳೆ!’
ಗ್ಯಾಲರಿ ನಕ್ಕಿತು. ಅಪ್ಪನೂ ನಕ್ಕ.
ಸಂಜೆ ಹೊತ್ತಿಗೆ ಮಾವ ಮರೆತೇಬಿಟ್ಟ,
ಜೀಪಿನಲ್ಲಿ ನನಗೆ ಎರಡು ಕಿತ್ತಳೆ ಸುಲಿದು ಕೊಟ್ಟ,
ಹೋದ ವರ್ಷ ತೀರಿಕೊಂಡ.
ಮೈಕು ಮಾತ್ರ ನನ್ನೊಳಗೆ ಬಿಟ್ಟು ಹೋದ.

ಅಂದು ಆಟ ಮುಗಿದ ಮೇಲೆ ಸ್ಕೋರು ಪುಸ್ತಕ ತೆಗೆದೆವು,
ನಾನೂ ಜಸೀಲಾಳೂ, ಮೆಟ್ಟಿಲ ಮೇಲೆ ಕೂತು.
ಬಿಟ್ಟ ಗೋಲು: ನಾಲ್ಕು. ನಿಮಿಷದ ಸಮೇತ, ಕೆಂಪು ಶಾಯಿ.
ತಡೆದದ್ದು?
ತಡೆದದ್ದಕ್ಕೆ ಕಾಲಮ್ಮೇ ಇಲ್ಲ!
ಹೊಗಳಲಿಲ್ಲ ನಾನು, ಹೊಗಳಿದರೆ ನಂಬುವವಳಲ್ಲ ಅವಳು.
‘ನೆನಪು ಮಾಡು’ ಅಂದೆ.
ಬೆರಳು ಮಡಿಸಿದಳು: ಎಡಮೂಲೆಯದು,
ಮಂಡಿಯೂರಿ ಒದ್ದದ್ದು, ಹೆಲ್ಮೆಟ್ಟಿಗೆ ಬಡಿದು ಹೋದದ್ದು.
‘ಅದು ಲೆಕ್ಕಕ್ಕಾ ಟೀಚರ್?’
‘ಲೆಕ್ಕಕ್ಕೆ.’
ಹೀಗೆ ಹನ್ನೊಂದು.
ಸ್ಕೇಲಿರಲಿಲ್ಲ, ಬಸ್ ಪಾಸಿನ ಅಂಚು ಹಿಡಿದು
ಹೊಸ ಗೆರೆ ಎಳೆದೆ. ಸೊಟ್ಟಗೆ ಬಂತು.

ನಾಲ್ಕು ಸುಳ್ಳಾಗಲಿಲ್ಲ, ನಾಲ್ಕು ನಾಲ್ಕೇ.
ಅದರಲ್ಲಿ ಎರಡಕ್ಕೆ ಅವಳು ಮುಂದೆ ನುಗ್ಗಬೇಕಿತ್ತು,
ನಾಳೆ ಕಲಿಯೋಣ ಅದನ್ನ.
ಪಕ್ಕದಲ್ಲಿ ಹನ್ನೊಂದು ಬಂದು ಕೂತ ಮೇಲೆ
‘ಯಾವಾಗಲೂ’ ಎಂಬುದಕ್ಕೆ ಕಾಲು ಚಾಚಲು ಜಾಗ ಸಾಲದಾಯಿತು,
ಅಷ್ಟೆ.

ಮಾವ ಹೋಗಿಲ್ಲ.
ನಿನ್ನೆಯೂ ಬಂದಿದ್ದ, ಎರಡು ಗಂಟೆ ರಾತ್ರಿ,
‘ಬೊಳ್ಳಮ್ಮ ಯಾವತ್ತೂ...’ ಅಂತ ಶುರುಮಾಡಿದ.
ಮೊದಲಾದರೆ ಕಿವಿಗೆ ದಿಂಬು ಒತ್ತಿ ಜಗಳಕ್ಕಿಳಿಯುತ್ತಿದ್ದೆ,
ಬೆಳಗಿನ ಹೊತ್ತಿಗೆ ಸೋಲುತ್ತಿದ್ದೆ.
ಈಗ ಎದ್ದು ಕೂತು, ಕಂಬಳಿ ಹೊದ್ದು, ಮರ್ಯಾದೆಯಿಂದ ಕೇಳಿದೆ:
‘ಯಾವ ಪಂದ್ಯ, ಮಾವ? ಎಷ್ಟನೇ ನಿಮಿಷ?’
ಪುಟ ತಿರುವುವ ಸದ್ದು.
ತುಂಬಾ ಹೊತ್ತು ತಿರುವಿದ.
ಕೊನೆಗೆ ಒಂದು ಸಿಕ್ಕಿತು, ನಿಜದ್ದೇ: ಮಂಗಳವಾರ, ಹಾಲು.
‘ಹೌದು, ಬರೆದುಕೋ’ ಅಂದೆ,
‘ಪಕ್ಕದ ಕಾಲಮ್ಮಿಗೂ ಜಾಗ ಬಿಡು.’

ಆಮೇಲೆ ನಿದ್ದೆ ಬಂತೋ ಇಲ್ಲವೋ ನೆನಪಿಲ್ಲ.
ಬೆಳಿಗ್ಗೆ ಹಾಲಿಗೆ
ಸಣ್ಣ ಉರಿ ಇಟ್ಟೆ.