ತಿನ್ನುವ ಕೀಲಿ

ಟೋರ್ಸ್‌ಹಾವ್ನ್ ಬಂದರಿನ ಪುಟ್ಟ ಪತ್ರಿಕೆಯಲ್ಲಿ
ತೀರಿಕೊಂಡವರ ಅಂಕಣ ಸುನ್ನುವಾಳದ್ದು.
ಹೋದ ವಾರದ ಕಡತವೇ ಈ ವಾರಕ್ಕೂ ಅಚ್ಚು.

ಕಿರುಬೆರಳು ಯಾವಾಗ ತಾಗಿತೋ ಇನ್ಸರ್ಟ್ ಕೀಲಿಗೆ,
ಒತ್ತಿದ ಒಂದಕ್ಷರಕ್ಕೆ ಎದುರಿನದೊಂದು ಗುಳುಂ.
ರಾಗ್ನ್‌ಹಿಲ್ಡ್ ಮುದುಕಿಯ ಮೇಲೆ
ಹಾನುಸ್ ಎಂದು ಬರೆದಳು;
ಅವನದು ಗಿಡ್ಡ ಹೆಸರು, ಅವಳ ಬಾಲ ಉಳಿಯಿತು:
ಹಾನುಸಿಲ್ಡ್.

ನಕ್ಕಳು. ಸಿಲ್ಡ್ ಅಂದರೆ ಅಲ್ಲಿ ಹೆರಿಂಗ್ ಮೀನು,
ಆತ ಐವತ್ತು ವರ್ಷ ಹಿಡಿದದ್ದು ಅದನ್ನೇ.

ಆಮೇಲೆ ಅವನ ಮಗಳು ಕಳಿಸಿದ ನಾಲ್ಕು ಸಾಲು
ನಕಲಿಸಿ ಅಂಟಿಸಿದಳು, ಉಸಿರು ಹಿಡಿದು.
ಅಂಟಿಸಿದ್ದು ಯಾರನ್ನೂ ತಿನ್ನಲಿಲ್ಲ.
ತುಂಬಿದ ದೋಣಿಯಲ್ಲಿ ಜರುಗಿ ಜಾಗ ಕೊಟ್ಟಂತೆ
ರಾಗ್ನ್‌ಹಿಲ್ಡಳ ಮೊಮ್ಮಕ್ಕಳು, ಉಣ್ಣೆಯ ಹೆಣಿಗೆ, ಇಗರ್ಜಿಯ ಹೊತ್ತು
ಎಲ್ಲ ಕೆಳಕ್ಕೆ ಸರಿದು ಕೂತವು.

ಇನ್ನು ಅವನ್ನು ಅಳಿಸಬೇಕು,
ಕೈಯಾರೆ.