ಬಾಯಲ್ಲಿ ಮಾಡಿ ತೋರಿಸಿ

"ಸದ್ದು ಹೇಗಿದೆ?" ಅಂದ ಖಲಂದರ್.
"ಒಂಥರಾ ಇದೆ" ಅಂದೆ.
"ಒಂಥರಾ ಅನ್ನೋ ಪಾರ್ಟು ಯಾವ ಗಾಡಿಯಲ್ಲೂ ಇಲ್ಲ ಮೇಡಂ.
ಬಾಯಲ್ಲಿ ಮಾಡಿ ತೋರಿಸಿ."

ಸಿದ್ದಾಪುರದ ಬೀದಿ, ಬೆಳಗಿನ ಒಂಬತ್ತೂವರೆ.
ಪಕ್ಕದ ನರ್ಸರಿಯಲ್ಲಿ ಗುಲಾಬಿ ಗಿಡಕ್ಕೆ ಚೌಕಾಸಿ ಮಾಡುವ ದಂಪತಿ,
ಟಯರಿನ ಮೇಲೆ ಕೂತು ಬನ್ ತಿನ್ನುವ ಹೆಲ್ಪರ್ ಹುಡುಗ,
ಇವರೆಲ್ಲರ ಎದುರು
ಐವತ್ಮೂರು ವರ್ಷದ ನಾನು
ಸೆರಗು ಸರಿಮಾಡಿಕೊಂಡು
ಟಿರ್ರ್ ಟಿಣಿಟಿಣಿ ಟಿರ್ರ್ ಅಂದೆ.

"ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ?"
"ಏರಿನಲ್ಲಿ."
"ಖಾಲಿಯೋ, ಲೋಡೋ?"
"ಇನ್ನೂರು ಹೋಳಿಗೆ ಇದ್ದಾಗ."
ನಗಲಿಲ್ಲ. ವೈದ್ಯರ ಹಾಗೆ ತಲೆಯಾಡಿಸಿದ.

ಓಮ್ನಿಯ ಎಂಜಿನ್ನು ಇರುವುದು ಸೀಟಿನ ಕೆಳಗೆ.
ಹನ್ನೊಂದು ವರ್ಷ ಅದರ ಮೇಲೇ ಕೂತಿದ್ದೇನೆ,
ಒಂದು ದಿನವೂ ಮುಖ ನೋಡಿರಲಿಲ್ಲ.
ಸೀಟು ಎತ್ತಿ ಸ್ಟಾರ್ಟ್ ಮಾಡಿಸಿದ.
ಹೆಡ್‌ಮಾಸ್ಟರು ಒಳಗೆ ಬಂದ ಕ್ಲಾಸಿನಂತೆ
ತೆಪ್ಪಗಿತ್ತು.

ಡಬ್ಬ, ಸೌಟು, ಬಾಳೆಲೆ ಕಟ್ಟು, ಎಲ್ಲ ಇಳಿಸಿ
ರೇಡಿಯೋ ಆರಿಸಿ, ಗಾಜು ಏರಿಸಿ
ಮಾತಾಡಬೇಡಿ ಅಂತ ನನಗೂ ಹೇಳಿ ಹೊರಟ.
ನೆತ್ತಿಯ ಮೇಲೆ ಸಿಗ್ನಲ್ ಇರುವ
ರಿಚ್ಮಂಡ್ ಸರ್ಕಲ್ಲಿನ ಫ್ಲೈಓವರು.
ಅರ್ಧ ಏರಿದ್ದೆವು, ಟಿರ್ರ್ ಟಿಣಿಟಿಣಿ.
"ಇದೇ! ಇವನೇ!" ಕೂಗಿದೆ,
ಜೇಬುಗಳ್ಳನನ್ನು ಕಂಡಕ್ಟರಿಗೆ ತೋರಿಸುವವಳ ಹಾಗೆ.

ಸೈಲೆನ್ಸರಿನ ಮೇಲಿನ ತಗಡು.
ಒಂದು ಬೋಲ್ಟು ತುಕ್ಕು ತಿಂದು ಬಿದ್ದಿತ್ತು.
ಒಂದು ಕ್ಲಿಪ್ಪು, ಮೂವತ್ತು ರೂಪಾಯಿ.
ನಾನು ಪರ್ಸು ತೆಗೆದೆ.
ಅವನು ಎಂಜಿನ್ ಆರಿಸಲಿಲ್ಲ.

ಉದ್ದ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ,
ಹಿಡಿ ತನ್ನ ಎಡಗಿವಿಯ ಹಿಂದಿನ ಮೂಳೆಗೆ.
(ಆ ಕಿವಿಯನ್ನು ಟಿಂಕರಿಂಗ್ ಶೆಡ್ಡಿನ ಸುತ್ತಿಗೆ
ಎಂದೋ ತಿಂದುಹಾಕಿತಂತೆ.
ಮೂಳೆ ಚೆನ್ನಾಗಿದೆ, ಅದು ಹಾರನ್ ಕೇಳಿಸಿಕೊಳ್ಳಲ್ಲ, ಅಂತಾನೆ.)
ಇಲ್ಲಿಟ್ಟ. ಅಲ್ಲಿಟ್ಟ. ಮತ್ತೆ ಇಲ್ಲಿ.
"ಈ ಗುಂಯ್ ಎಷ್ಟು ದಿನದಿಂದ?"
"ಯಾವ ಗುಂಯ್?"

ಯಾವುದು.
ಗ್ರೈಂಡರು, ಮೇಲಿನ ಮನೆಯ ಮೋಟಾರು, ಈ ಓಮ್ನಿ,
ಎಲ್ಲ ಸೇರಿ ನನಗೆ ಒಂದೇ ಸದ್ದು,
ಅದರ ಹೆಸರು ಬೆಳಿಗ್ಗೆ.

ಬೆಲ್ಟು ಬಿಚ್ಚಿದ. ಅರ್ಧ ನಿಮಿಷ ಓಡಿಸಿದ.
ಫ್ರಿಜ್ಜು ಗಕ್ಕನೆ ನಿಂತಾಗ
ಅಡುಗೆಮನೆ ದೊಡ್ಡದಾಗುತ್ತದಲ್ಲ,
ಹಾಗಾಯಿತು.

ಎಂಜಿನ್ ಆರಿಸಿ, ವಾಟರ್ ಪಂಪಿನ ಪುಲ್ಲಿ ತೋರಿಸಿ
"ತಿರುಗಿಸಿ ನೋಡಿ" ಅಂದ.
ತಿರುಗಿಸಿದೆ, ನಿಧಾನಕ್ಕೆ.
ಹೂರಣದಲ್ಲಿ ಒಂದು ಬೇಳೆ ನುಣ್ಣಗಾಗದೆ ಉಳಿದರೂ
ಈ ಬೆರಳಿಗೆ ಸಿಗುತ್ತದೆ,
ಆ ಒಂದು ಬೇಳೆಗೇ ಹೋಳಿಗೆ ಕಾವಲಿಯ ಮೇಲೆ ಹರಿಯುವುದು.
"ಒಳಗೆ ರವೆ ಇದೆ" ಅಂದೆ.
"ಎಂಥ ರವೆ?"
"ಚಿರೋಟಿ ಅಲ್ಲ. ಬನ್ಸಿ."

ಆಗ ನಕ್ಕ.
"ಬೇರಿಂಗು ಮೇಡಂ. ಚಿರೋಟಿ ಇದ್ದಾಗ ಬಂದಿದ್ದರೆ
ಇನ್ನೊಂದು ವರ್ಷ ಓಡಿಸಬಹುದಿತ್ತು.
ಈಗ ಯುಗಾದಿ ದಾಟಲ್ಲ.
ಬನಶಂಕರಿಯಲ್ಲೋ ಎಲ್ಲೋ ನೀರೆಲ್ಲ ಕಾರಿ
ಇನ್ನೂರು ಹೋಳಿಗೆ ಸಮೇತ ನಿಲ್ಲೋದು."

ಹುಡುಗ ಬನ್ನಿನ ಕೊನೆಯ ತುಂಡು ಬಾಯಿಗಿಟ್ಟು
ಜೆ.ಸಿ. ರಸ್ತೆಗೆ ಸೈಕಲ್ ತುಳಿದ.
ಹನ್ನೆರಡಕ್ಕೆ ಜಯನಗರದ ನಾಮಕರಣದವರು ಫೋನು ಮಾಡಿದರು,
ಬೈದರು. ಮತ್ತೆ ಮಾಡಿದರು.
ಆಟೋದಲ್ಲಿ ಕಳಿಸಿದೆ, ಬಾಡಿಗೆ ನನ್ನದೇ.
ಸಂಜೆ ಬಿಲ್ಲಿನಲ್ಲಿ ಅವನ ಸೊಟ್ಟ ಅಕ್ಷರ:
ಕ್ಲಿಪ್ಪು ಮೂವತ್ತು.
ಬನ್ಸಿ, ಒಂದು ಸಾವಿರದ ನಾನೂರು.

ಲಾಲ್‌ಬಾಗಿನ ಗೇಟಿನ ಸಿಗ್ನಲ್ಲು. ರೇಡಿಯೋ ಹಾಕಲಿಲ್ಲ.
ಎಡಕ್ಕೆ ತಿರುಗಿಸುವಾಗ ಮಾತ್ರ
ಏನೋ ಒಂದು, ಸಣ್ಣದು.
ಟಕ್ ಅಲ್ಲ.
ಟೊಕ್ ಅಂದೆ. ಟ್ಳಕ್ ಅಂದೆ. ನಾಲಿಗೆ ಮಡಿಸಿ ಇನ್ನೊಮ್ಮೆ.
ಪಕ್ಕದ ಆಟೋದವನು ನೋಡುತ್ತಿದ್ದಾನೆ,
ನೋಡಲಿ,
ಹಸಿರಾಗುವುದರೊಳಗೆ ಸರಿಯಾಗಿ ಬರಬೇಕು.