ಚಕ್ಕುಬಂದಿ

ವಾರವಿಡೀ ದಸ್ತಾವೇಜು ಬರೆಯುವವನು ನಾನು,
ಇಲ್ಲಿಯ ಮಾತಿನಲ್ಲಿ ಆಧಾರ.
ಮಂಜೇಶ್ವರದ ರಿಜಿಸ್ಟ್ರಾರ್ ಕಚೇರಿಯೆದುರು
ಝೆರಾಕ್ಸಿನವನಿಗೂ ಸೋಡಾದವನಿಗೂ ನಡುವೆ ನನ್ನ ಮೇಜು.
ಒಂದನೇ ಪಾರ್ಟಿ ಕನ್ನಡದಲ್ಲಿ ಹೇಳುತ್ತಾನೆ,
ಎರಡನೆಯವ ತುಳುವಿನಲ್ಲಿ ತಕರಾರು ತೆಗೆಯುತ್ತಾನೆ,
ನಾನು ಮಲಯಾಳದಲ್ಲಿ ಬರೆಯುತ್ತೇನೆ.
ಓದಿ ಹೇಳಿದ್ದನ್ನು ಕೇಳಿ ಒಪ್ಪಿದ್ದೇವೆಂದು
ಹೆಬ್ಬೆಟ್ಟುಗಳನ್ನು ಹಿಡಿದು ನೀಲಿಯಲ್ಲಿ ಅದ್ದುತ್ತೇನೆ.

ಅದಕ್ಕೇ ಇರಬೇಕು, ಸಭಾಪಾಲಕರು ಈ ಪಾಠ ನನಗೇ ಒಪ್ಪಿಸಿದ್ದು:
"ಒಡಂಬಡಿಕೆ ನಿಮ್ಮ ಕಸುಬಲ್ಲವೇ, ಎಬೆನೆಜರ್?"

ದೇವಾಲಯದ ಹಿಂದಿನ ಕೋಣೆ, ಹನ್ನೊಂದು ಜನ.
ಹಲಗೆಯ ಮೇಲೆ ಆ ಒಂದೇ ಪದ ಬರೆದು, ಏನಿದು, ಎಂದೆ.
ದೋಣಿಯ ಶದ್ರಕಣ್ಣ: "ಪಾಲು.
ಬಲೆಗೊಂದು, ಇಂಜಿನಿಗೊಂದು, ಮೈಗೊಂದು.
ಮೀನಿಲ್ಲದ ದಿನ ಡೀಸೆಲಿನ ಸಾಲ ಮಾತ್ರ ಪಾಲಾಗುವುದು."
ಗ್ಲಾಡಿಸಕ್ಕ ಬೀಡಿ ಸುತ್ತಿ ಸವೆದ ಬೆರಳು ನೋಡಿಕೊಂಡು:
"ಎಲೆ ಅವರದು, ಹೊಗೆಸೊಪ್ಪು ಅವರದು.
ಸಾವಿರಕ್ಕೆ ಹತ್ತು ಕಮ್ಮಿಯಾದರೆ
ಆ ಹತ್ತು ಮಾತ್ರ ನನ್ನದು."
ನಕ್ಕರು. ಅರ್ಧ ನಗುವನ್ನು
ಕಣ್ಣೂರಿನ ಗಾಡಿ ಹೊತ್ತುಕೊಂಡು ಹೋಯಿತು.

ಶರೋನ್, ಒಂಬತ್ತನೇ ಕ್ಲಾಸು, ಮಲಯಾಳ ಮೀಡಿಯಂ, ಕೈ ಎತ್ತಿದಳು:
"ಶಾಲೆಯಲ್ಲಿ ನಾವು ಉಡಂಬಡಿ ಅಂತೇವೆ.
ಉಡಂಬು ಅಂದರೆ ಮೈ ಅಲ್ವಾ?
ಮೈ ಕೊಟ್ಟು ಮಾಡುವ ಮಾತಾ ಅದು?"
ಪದದ ಬೇರು ಅಲ್ಲಿಗೆ ಹೋಗುವುದಿಲ್ಲ.
ತಿದ್ದಬೇಕಿತ್ತು; ತಿದ್ದಲಿಲ್ಲ.
ರೊಟ್ಟಿ ಮುರಿಯುವ ಮೇಜು
ಗೋಡೆಯ ಆಚೆಗೇ ಇತ್ತು.

ಆಮೇಲೆ ಆ ಹಳೆಯ ಕಥೆ.
ನಕ್ಷತ್ರ ಎಣಿಸಲು ಹೋಗಿ ಲೆಕ್ಕ ತಪ್ಪಿದ ಮುದುಕ,
ಸೀಳಿಟ್ಟ ಕಡಸು, ಆಡು, ಟಗರು, ಎದುರುಬದುರು ಎರಡು ಸಾಲು.
ಹದ್ದುಗಳನ್ನು ಓಡಿಸಿ ಓಡಿಸಿ ಸಂಜೆಗೆ ಅವನಿಗೆ ನಿದ್ದೆ.
ಆ ತುಂಡುಗಳ ನಡುವೆ ಎರಡೂ ಪಾರ್ಟಿ ನಡೆಯಬೇಕು,
ಮಾತು ತಪ್ಪಿದರೆ ನನಗೂ ಇದೇ ಗತಿ ಎಂದು.
ಕತ್ತಲಲ್ಲಿ ಹೊಗೆಯಾಡುವ ಒಲೆಯೊಂದು, ಉರಿಯುವ ಪಂಜೊಂದು
ಹಾದು ಹೋದವು.
ಮುದುಕ ಏಳಲಿಲ್ಲ. ಎಬ್ಬಿಸಲೂ ಇಲ್ಲ ಯಾರೂ.

"ಅಂದರೆ ಒಬ್ಬನದೇ ರುಜು," ಶದ್ರಕಣ್ಣ ತಲೆ ಕೆರೆದರು,
"ರಿಜಿಸ್ಟ್ರಿ ಆಗುತ್ತದಾ ಮಾರಾಯ್ರೆ ಅದು?"
ನಮ್ಮ ಕಚೇರಿಯಲ್ಲಿ ಆಗುವುದಿಲ್ಲ ಎಂದೆ.
ಎಂದವನಿಗೆ ಹುರುಪು ಏರಿತು.
ಚಕ್ಕುಬಂದಿ ಬರೆದೆ: ಮೂಡಕ್ಕೆ, ಪಡುವಕ್ಕೆ,
ತೆಂಕಕ್ಕೆ, ಬಡಗಕ್ಕೆ; ಮುಂದೆ ಖಾಲಿ ಬಿಟ್ಟೆ.
ಕ್ರಿಸ್ತನು ಬರೆದುಕೊಟ್ಟ ಜಾಗಕ್ಕೆ
ನಾಲ್ಕು ಬದಿಗೂ ಸರ್ವೆ ಕಲ್ಲಿಲ್ಲ ಎಂದೆ.
ಚೆನ್ನಾಗಿ ಬಂತು ಅನ್ನಿಸಿತು.

ಕಿಟಕಿಯ ಬದಿಯಿಂದ ಹೆಫ್ಸಿಬಾ ಅತ್ತಿಗೆ,
ಆರು ವರ್ಷದಿಂದ ನನ್ನ ಕೂಡೆ ಮಾತಿಲ್ಲದವರು,
ಹಲಗೆಗೇ ಕೇಳಿದರು:
"ಕಲ್ಲೇ ಇಲ್ಲದಿದ್ದರೆ
ರಾತ್ರಿ ಅದನ್ನು ಸರಿಸುವವರು ಏನು ಮಾಡುತ್ತಾರೆ?"

ಬಾವಿಯ ಬದಿಯ ಮೂರು ಸೆಂಟ್ಸ್.
ಭಾಗಪತ್ರ ಬರೆದವನು ನಾನು.
ಓದಿ ಹೇಳಿದವನೂ ನಾನೇ.
ಅಣ್ಣನಿಗೆ ಮಲಯಾಳ ಬಾರದು.
ಕೇಳಿ, ಒಪ್ಪಿ, ತಮ್ಮನಲ್ಲವೇ ಎಂದು
ಕನ್ನಡದಲ್ಲಿ ದುಂಡಗೆ ರುಜು ಹಾಕಿದ್ದ.

ಸೀಮೆಸುಣ್ಣ ಅಂಗೈಯಲ್ಲಿ ಒದ್ದೆಯಾಯಿತು.
ಚೀಟಿಯಲ್ಲಿ ಇನ್ನೂ ನಾಲ್ಕು ಪ್ರಶ್ನೆ ಉಳಿದಿದ್ದವು,
ಒಂದನ್ನೂ ಕೇಳಲಿಲ್ಲ.
ಮುಕ್ತಾಯದ ಪ್ರಾರ್ಥನೆ ಶರೋನ್ ಮಾಡಿದಳು.
ಕಣ್ಣು ಮುಚ್ಚಿ ನಾನು
ಹದ್ದು ಓಡಿಸುತ್ತಿದ್ದೆ.

ಆ ವಾರ ಚಹಾದ ಸರದಿ ಅತ್ತಿಗೆಯದು.
ಹನ್ನೊಂದು ಗ್ಲಾಸು ಕೆಟಲಿನಿಂದ,
ಹನ್ನೆರಡನೆಯದು ಬೇರೆ ಚೊಂಬಿನಿಂದ,
ಸಕ್ಕರೆ ಹಾಕದ್ದು.
ಮನೆಯಿಂದಲೇ ತಂದಿದ್ದರು, ಅಂದರೆ
ಪಾಠಕ್ಕೆ ಮೊದಲೇ.

ಬಿಸಿ ಗ್ಲಾಸು ಹಿಡಿದ ಹೆಬ್ಬೆರಳಿನಲ್ಲಿ
ಯಾರದೋ ಕ್ರಯಪತ್ರದ ನೀಲಿ
ಇನ್ನೂ ಹೋಗಿರಲಿಲ್ಲ.